ಮಗು ಹೋದ ಮನೆಯಲ್ಲಿ ಈ ವರ್ಷ ಗಣಪತಿ ಕೂರಿಸಬೇಕಾ? ಮನೆಯವರದು ಒಬ್ಬೊಬ್ಬರದು ಒಂದೊಂದು ಮಾತು

ಹೊಂಗೆಮರ
ನಮಸ್ಕಾರ. ನಾನು ಇಲ್ಲಿ ಓದುವವಳೇ ಹೊರತು ಜಾಸ್ತಿ ಬರೆದವಳಲ್ಲ. ಒಂದು ವಿಷಯ ಕೇಳಬೇಕಿತ್ತು. ಮನೆಯಲ್ಲಿ ಯಾರ ಹತ್ತಿರ ಎತ್ತಿದರೂ ಜಗಳಕ್ಕೆ ತಿರುಗುತ್ತಿದೆ.

ಹೋದ ವರ್ಷ ದಸರಾ ಕಳೆದ ಮೇಲೆ ನಮ್ಮ ಮಗಳು ಡೆಂಗಿ ಬಂದು ತೀರಿಕೊಂಡಳು. ನಾಲ್ಕು ವರ್ಷ. ಏಳು ವರ್ಷದ ಮಗ ಇದ್ದಾನೆ. ನಾವಿರುವುದು ಬೆಂಗಳೂರು, ಯಜಮಾನರ ಊರು ಕನಕಪುರದ ಕಡೆ. ಮಗುವನ್ನು ಊರಿಗೆ ಕರೆದುಕೊಂಡು ಹೋಗಿ ತೋಟದ ಬದುವಿನಲ್ಲಿ ಮಣ್ಣು ಮಾಡಿದರು. ನನ್ನನ್ನು ಅಲ್ಲಿಗೆ ಬಿಡಲಿಲ್ಲ. ಹಾಲು ತುಪ್ಪ ಬಿಡುವ ದಿನವೂ ಗಂಡಸರೇ ಹೋಗಿ ಬಂದರು.

ಈಗ ಗೌರಿ ಗಣೇಶ ಬರುತ್ತಿದೆ. ಅತ್ತೆ ಹೇಳುವುದು, "ಚಿಕ್ಕ ಕೂಸಿಗೆ ವರ್ಷ ಹಿಡಿಯೋದಿಲ್ಲ, ಹಬ್ಬ ಬಿಟ್ಟರೆ ಇರೋ ಮಗೂಗೆ ಒಳ್ಳೇದಲ್ಲ" ಅಂತ. ಯಜಮಾನರು ಆವತ್ತಿನಿಂದ ದೇವರ ಮನೆಗೆ ಕಾಲಿಟ್ಟಿಲ್ಲ. "ಕೂರಿಸೋದಾದರೆ ನಾನು ಆ ದಿನ ಮನೇಲಿ ಇರಲ್ಲ" ಅನ್ನುತ್ತಾರೆ. ಮಗ ಗಣಪ ಬೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ನನ್ನ ವಿಷಯ ಕೇಳಿದರೆ, ದೀಪ ಹಚ್ಚುತ್ತೇನೆ, ಕೈ ಮುಗಿಯುವುದಿಲ್ಲ. ಅಷ್ಟೇ ಗೊತ್ತು.

ಇನ್ನೊಂದು ಇದೆ. ಹಾಲ್‌ನಲ್ಲಿ ಅವಳ ಫೋಟೋ ಹಾಕಿದ್ದೆ. ಮಕ್ಕಳ ಫೋಟೋ ಹಾಗೆ ಗೋಡೆಗೆ ಹಾಕಬಾರದು ಅಂತ ತೆಗೆಸಿದರು. ಮಾವನವರ ಫೋಟೋ ಅಲ್ಲೇ ಇದೆ, ಹಾರದ ಸಮೇತ.

ನಿಮ್ಮ ಮನೆಗಳಲ್ಲಿ ಇಂಥದ್ದು ಆಗಿದ್ದರೆ ಹಬ್ಬಕ್ಕೆ ಏನು ಮಾಡಿದಿರಿ? ಸಮಾಧಾನದ ಮಾತು ಬೇಡ. ಬೇಕಾದಷ್ಟು ಕೇಳಿಸಿಕೊಂಡಿದ್ದೇನೆ.

ರಾಗಿರೊಟ್ಟಿ
ಅಕ್ಕ, ಓದಿ ಸುಮ್ನೆ ಕೂತುಬಿಟ್ಟೆ. ಏನೂ ಹೇಳಲ್ಲ, ನೀವೇ ಬೇಡ ಅಂದಿದ್ದೀರ.

ಪಂಚಾಂಗಪ್ರಿಯ
ಶಾಸ್ತ್ರದ ಮಟ್ಟಿಗೆ ಹೇಳುತ್ತೇನಮ್ಮ. ಮನುಸ್ಮೃತಿಯ ಐದನೇ ಅಧ್ಯಾಯದಲ್ಲೇ ಇದೆ, ಎರಡು ವರ್ಷ ತುಂಬದ ಮಗುವನ್ನು ಊರ ಹೊರಗೆ ಹೂಳಬೇಕು, ಅಗ್ನಿಸಂಸ್ಕಾರ ಇಲ್ಲ, ತರ್ಪಣವೂ ಇಲ್ಲ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಚೌಲ ಆಗಿದೆಯಾ, ಉಪನಯನ ಆಗಿದೆಯಾ ಅಂತ ನೋಡಿ ಸೂತಕ ಹೇಳುತ್ತಾರೆ. ಒಂದೊಂದು ಮನೆತನದಲ್ಲಿ ಒಂದೊಂದು ರೂಢಿ. ಆದರೆ ಅಪ್ಪ ಅಮ್ಮ ಹೋದರೆ ಹಿಡಿಯುವ ಹಾಗೆ ವರ್ಷ ಹಿಡಿಯುವ ಪದ್ಧತಿ ಚಿಕ್ಕ ಮಕ್ಕಳಿಗೆ ಇಲ್ಲ. ನಿಮ್ಮ ಅತ್ತೆ ಹೇಳಿದ್ದು ಸರಿಯೇ. ಹಬ್ಬ ಮಾಡಬಹುದು.

ಹಾಗೇ ಒಮ್ಮೆ ಮನೆಯವರ ಜಾತಕ ತೋರಿಸಿ. ಸರ್ಪದೋಷ ಇದ್ದರೆ ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಿದರೆ ಒಳ್ಳೆಯದು.

ಕೆಂಪುಮೆಣಸು
ಬಂದೇಬಿಟ್ಟಿತು ಸರ್ಪದೋಷ! ಸ್ವಾಮಿ, ಅವರು ಕೇಳಿದ್ದು ಹಬ್ಬದ ವಿಷಯ. ಸೊಳ್ಳೆ ಕಚ್ಚಿ ಮಗು ಹೋಗಿದೆ, ನೀವು ಹಾವಿನ ಮೇಲೆ ಹಾಕುತ್ತಿದ್ದೀರ.

ಪಂಚಾಂಗಪ್ರಿಯ
ನಾನು ದೋಷ ಇದೆ ಅನ್ನಲಿಲ್ಲ. ಇದ್ದರೆ ಅಂದೆ.

ಕೆಂಪುಮೆಣಸು
ಆ "ಇದ್ದರೆ" ಅನ್ನುವುದೇ ಸಾಕು ಒಬ್ಬ ತಾಯಿಗೆ ವರ್ಷಗಟ್ಟಲೆ ನಿದ್ದೆ ಕೆಡಿಸುವುದಕ್ಕೆ.

ನೈಟ್‌ಡ್ಯೂಟಿ
ನಾನು ಮಕ್ಕಳ ವಾರ್ಡ್‌ನಲ್ಲಿ ಸ್ಟಾಫ್ ನರ್ಸ್. ಹೊಂಗೆಮರ ಅವರೇ, ನಿಮಗೆ ಬೇಕಿಲ್ಲದಿದ್ದರೆ ಇದನ್ನು ಬಿಟ್ಟು ಮುಂದೆ ಓದಿ, ಬೇರೆಯವರಿಗೆ ಬೇಕಾಗಬಹುದು.

ಡೆಂಗಿಯಲ್ಲಿ ಅಪಾಯ ಬರುವುದು ಜ್ವರ ಏರಿದಾಗ ಅಲ್ಲ, ಇಳಿಯುವ ಹೊತ್ತಿಗೆ. ಸಾಮಾನ್ಯವಾಗಿ 3ರಿಂದ 7ನೇ ದಿನದ ಒಳಗೆ. ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಬೀಳುತ್ತದೆ. ಮಗು ಎದ್ದು ಕೂತು ಎರಡು ತುತ್ತು ತಿಂದಿದ್ದು ನೋಡಿ ಮನೆಯವರು ಅಬ್ಬಾ ಅನ್ನುತ್ತಾರೆ. ಅದೇ ಹೊತ್ತಿಗೆ ಹೊಟ್ಟೆ ನೋವು, ಮೇಲಿಂದ ಮೇಲೆ ವಾಂತಿ, ಮಂಕು, ಕೈಕಾಲು ತಣ್ಣಗಾಗುವುದು ಶುರುವಾದರೆ ತಕ್ಷಣ ಓಡಬೇಕು. ಕೆಲವು ಮಕ್ಕಳಲ್ಲಿ ಇದು ಎಷ್ಟು ಬೇಗ ಆಗುತ್ತದೆ ಅಂದರೆ ಆಸ್ಪತ್ರೆಯಲ್ಲೇ ಇದ್ದರೂ ಕೈ ಮೀರುತ್ತದೆ. ಎಲ್ಲರೂ ಪ್ಲೇಟ್‌ಲೆಟ್ ನಂಬರ್ ಹಿಡಿದುಕೊಂಡು ಕೂರುತ್ತಾರೆ. ಡಾಕ್ಟರು ನೋಡುವುದು ಅದಕ್ಕಿಂತ ಜಾಸ್ತಿ ಬಿಪಿ, ನಾಡಿ, ಮೂತ್ರ ಎಷ್ಟು ಹೋಗುತ್ತಿದೆ ಅನ್ನುವುದನ್ನು.

ಹೊಂಗೆಮರ
ನೈಟ್‌ಡ್ಯೂಟಿ ಅವರೇ, ಓದಿದೆ. ಹಾಗೇ ಆಗಿದ್ದು. ಜ್ವರ ಬಿಟ್ಟ ದಿನ ಅರ್ಧ ಇಡ್ಲಿ ತಿಂದು ಅಣ್ಣನ ಜೊತೆ ಜಗಳ ಮಾಡಿದಳು. ಇದನ್ನು ಒಂದು ವಾಕ್ಯದಲ್ಲಾದರೂ ಯಾರಾದರೂ ಆವತ್ತೇ ಹೇಳಿದ್ದರೆ ಚೆನ್ನಾಗಿತ್ತು.

ನಮ್ಮನೆಯಲ್ಲಿ ಬೇರೆ ಕಾರಣ ಓಡುತ್ತಿದೆ. ಮಾದಪ್ಪನ ಬೆಟ್ಟದಲ್ಲಿ ಅವಳ ಮುಡಿ ಕೊಡುತ್ತೇವೆ ಅಂತ ಹರಕೆ ಇತ್ತು. ಅವರ ರಜೆ, ನನ್ನ ರಜೆ ಹೊಂದದೆ ಮುಂದಕ್ಕೆ ಹೋಗಿತ್ತು. "ಅದಕ್ಕೇ ಕಿತ್ಕೊಂಡ" ಅಂತ ಒಬ್ಬರು ಸಾವಿನ ಮನೆಯಲ್ಲೇ ಅಂದರು. ಯಜಮಾನರು ದೇವರ ಮನೆ ಬಿಟ್ಟಿದ್ದು ಆ ಮಾತಿಗೆ.

ರಾಗಿರೊಟ್ಟಿ
ಛೆ. ಸಾವಿನ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟನಾ ಜನಕ್ಕೆ?

ಬಿಳಿಗಿರಿ
ನಾನೂ ಮಾದಪ್ಪನ ಒಕ್ಕಲು. ಹರಕೆ ತಡವಾಗಿದ್ದಕ್ಕೆ ಮಗು ತೆಗೆದುಕೊಳ್ಳುವ ದೇವರಾಗಿದ್ದರೆ ನಮ್ಮ ಕಡೆ ಒಂದು ಮನೆಯಲ್ಲೂ ಮಕ್ಕಳು ಉಳಿಯುತ್ತಿರಲಿಲ್ಲ. ನಮ್ಮನೆಯಲ್ಲೇ ಅಪ್ಪ ಹೊತ್ತ ಹರಕೆಯನ್ನು ಮೊಮ್ಮಗ ತೀರಿಸಿದ್ದಾನೆ. ಇದನ್ನು ನಿಮ್ಮ ಯಜಮಾನರಿಗೆ ತೋರಿಸಿ.

ಕೃಷ್ಣಾತೀರ
ನಮ್ಮದು ಬಾಗಲಕೋಟೆ, ಲಿಂಗಾಯತರು. ನಮ್ಮಲ್ಲಿ ದೊಡ್ಡವರನ್ನೂ ಹೂಳುತ್ತಾರೆ, ಸಣ್ಣವರನ್ನೂ ಹೂಳುತ್ತಾರೆ. ವಿಭೂತಿ ಇಟ್ಟು ಮಣ್ಣು ಕೊಡುತ್ತಾರೆ. ಶರಣರು ಐದು ಸೂತಕ ಬೇಡ ಅಂದರು, ಅದರಾಗ ಸಾವಿನ ಸೂತಕವೂ ಒಂದು. ಹಿಂಗಾಗಿ ನಿಯಮದ ಪ್ರಕಾರ ಹಬ್ಬ ನಿಲ್ಲುವ ಪ್ರಶ್ನೆನೇ ಇಲ್ಲ.

ಆದರೆ ನಮ್ಮ ತಂಗಿಯ ಕೂಸು ಹೋದಾಗ ಅವರ ಮನಿಯಾಗ ಒಂದು ವರ್ಷ ಹೋಳಿಗೆ ಮಾಡಲಿಲ್ಲ. ಯಾರೂ ಹೇಳಿದ್ದಲ್ಲ. ಹೂರಣ ರುಬ್ಬಾಕ ಕೈ ಬರಲಿಲ್ಲ ಅಂದಳು, ಬಿಟ್ಟರು. ಸೂತಕ ಇಲ್ಲ ಅಂದ್ರ ದುಃಖ ಇಲ್ಲ ಅಂತ ಅಲ್ಲಲ್ಲ?

ಲೆಕ್ಕದಪುಸ್ತಕ
ಪಂಚಾಂಗಪ್ರಿಯ ಅವರ ಮಾತಿಗೆ ಒಂದು ಸೇರಿಸುತ್ತೇನೆ, ಜಗಳಕ್ಕಲ್ಲ. ಆ ನಿಯಮಗಳು ಯಾವ ಕಾಲದವು ನೋಡಿ. ತೀರಾ ಹಿಂದಕ್ಕೆ ಹೋಗಬೇಕಿಲ್ಲ, 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ರ ಲೆಕ್ಕದಲ್ಲಿ ಅದು 28. ನಮ್ಮ ಅಜ್ಜಿಯರ ಕಾಲದಲ್ಲಿ ಪ್ರತಿ ಮನೆಯಲ್ಲೂ ಒಂದೆರಡು ಕೂಸು ಹೋಗಿರುತ್ತಿತ್ತು. ಪ್ರತಿಯೊಂದಕ್ಕೂ ವರ್ಷ ಹಿಡಿದಿದ್ದರೆ ಊರಿನಲ್ಲಿ ಹಬ್ಬವೇ ಆಗುತ್ತಿರಲಿಲ್ಲ. ಸೂತಕ ಕಡಿಮೆ ಮಾಡಿದ್ದು ಬದುಕಿದವರ ಅನುಕೂಲಕ್ಕೆ ಅಂತ ನನ್ನ ಅನಿಸಿಕೆ. ಈಗ ಮನೆಗೆ ಇಬ್ಬರೋ ಒಬ್ಬರೋ. ಆ ಕಾಲದ ಅಳತೆ ಇಂದಿನ ಮನೆಗೆ ಹೇಗೆ ಸಾಲುತ್ತದೆ?

ಪಂಚಾಂಗಪ್ರಿಯ
ಇದು ನಿಮ್ಮ ಊಹೆ. ಸಂಸ್ಕಾರ ಆಗದ ಮಗು ಶುದ್ಧ, ಅದಕ್ಕೆ ಕಳೆಯಬೇಕಾದ್ದು ಏನೂ ಇಲ್ಲ, ಅದಕ್ಕೇ ಕರ್ಮ ಇಲ್ಲ ಅಂತ ನಮ್ಮ ಗುರುಗಳು ಹೇಳುತ್ತಿದ್ದರು.

ಲೆಕ್ಕದಪುಸ್ತಕ
ಇರಬಹುದು. ಮಗುವಿಗೆ ಏನೂ ಬೇಡ, ಒಪ್ಪಿದೆ. ತಾಯಿಗೆ?

ಅರಳಿಕಟ್ಟೆ
ಹುಟ್ಟಿದವರು ಸಾಯಲೇಬೇಕು, ಇದನ್ನೇ ಕೃಷ್ಣ ಗೀತೆಯಲ್ಲಿ ಹೇಳಿದ್ದು. ಆತ್ಮಕ್ಕೆ ಸಾವಿಲ್ಲ. ಬುದ್ಧನ ಹತ್ತಿರ ಬಂದ ತಾಯಿಗೆ ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದ ಕಥೆ ನೆನಪಿಸಿಕೊಳ್ಳಿ. ಧೈರ್ಯ ತಂದುಕೊಳ್ಳಿ ತಾಯಿ. ಆ ಮಗುವಿನ ಋಣ ಇಷ್ಟೇ ಇತ್ತು.

ಕೆಂಪುಮೆಣಸು
ಮೊದಲ ಪೋಸ್ಟಿನ ಕೊನೆಯ ಸಾಲು ಓದಿದಿರಾ ಅರಳಿಕಟ್ಟೆಯವರೇ?

ಹಳೇಸ್ಕೂಟರ್
ಗೀತೆ ಅಂದಿರಲ್ಲ, ಅದಕ್ಕೆ ಹೇಳುತ್ತೇನೆ. ಹದಿನೆಂಟು ಅಧ್ಯಾಯವನ್ನು ಕೃಷ್ಣನ ಬಾಯಿಂದಲೇ ಕೇಳಿದವನು ಅರ್ಜುನ. ಯುದ್ಧ ಶುರುವಾಗಿ ಹದಿಮೂರನೇ ದಿನ ಅಭಿಮನ್ಯು ಸತ್ತ. ಅರ್ಜುನ ಆತ್ಮಕ್ಕೆ ಸಾವಿಲ್ಲ ಅಂದುಕೊಂಡು ಸುಮ್ಮನಿದ್ದನಾ? ಬಿದ್ದು ಹೊರಳಾಡಿದ. ಮರುದಿನ ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಬೆಂಕಿಗೆ ಬೀಳುತ್ತೇನೆ ಅಂದ. ಕೃಷ್ಣ ಪಕ್ಕದಲ್ಲೇ ಇದ್ದ, "ನಾನು ಹೇಳಿದ್ದು ಮರೆತೆಯಾ" ಅಂತ ಹಂಗಿಸಲಿಲ್ಲ. ಅವನಿಗೇ ಸಾಲದ ಸಮಾಧಾನ ನಮಗೆ ಸಾಲಬೇಕಾ?

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಮಗ ಐದು ವರ್ಷದವನು, ರಕ್ತದ ಕ್ಯಾನ್ಸರ್. ಹೋಗಿ ಬಹಳ ವರ್ಷ ಆಯಿತು. ಆಮೇಲೆ ಹೆಂಡತಿ ಸೋಮವಾರ, ಶುಕ್ರವಾರ, ಸಂಕಷ್ಟಿ ಅಂತ ಉಪವಾಸ ಹೆಚ್ಚಿಸುತ್ತಾ ಹೋದಳು. ನಾನು ದೇವಸ್ಥಾನದ ಹೊರಗೆ ಚಪ್ಪಲಿ ಕಾಯುತ್ತಾ ನಿಲ್ಲುತ್ತಿದ್ದೆ. ಕೃಷ್ಣ ಗುರುವಿನ ಸತ್ತ ಮಗನನ್ನು ಯಮನ ಹತ್ತಿರ ಹೋಗಿ ತಂದುಕೊಟ್ಟ ಅಂತ ಹರಿಕಥೆಯಲ್ಲಿ ಹೇಳುತ್ತಾರಲ್ಲ, ಆ ಕಥೆ ಬಂದರೆ ಎದ್ದು ಹೋಗುತ್ತಿದ್ದೆ. ನನಗೆ ಅವಳು ಮೂಢಳ ಹಾಗೆ ಕಾಣುತ್ತಿದ್ದಳು. ಅವಳಿಗೆ ನಾನು ಕಲ್ಲು. ಮಗನ ವಿಷಯ ಬಿಟ್ಟು ಬೇರೆ ಎಲ್ಲದಕ್ಕೂ ಜಗಳ ಆಡಿದೆವು. ಗ್ಯಾಸ್ ಸಿಲಿಂಡರ್ ಬುಕ್ ಮಾಡಿಲ್ಲ ಅನ್ನುವುದಕ್ಕೆ ವಾರ ಮಾತು ಬಿಟ್ಟಿದ್ದಿದೆ.

ನಿಮ್ಮ ಯಜಮಾನರು ಆ ದಿನ ಮನೆಯಲ್ಲಿ ಇರಲ್ಲ ಅಂದರೆ ಇರುವುದು ಬೇಡ ಬಿಡಿ, ಎಳೆಯಬೇಡಿ. ಎಲ್ಲಿಗೆ ಹೋಗುತ್ತೇನೆ ಅಂತ ಹೇಳಿ ಹೋಗಲಿ, ಊಟದ ಹೊತ್ತಿಗೆ ಬರಲಿ. ಪೂಜೆಗೆ ಕೂರದವನು ಮನೆ ಬಿಟ್ಟವನಲ್ಲ.

ಹೊಂಗೆಮರ
ಸರ್, ನಿಮ್ಮ ಕೊನೆಯ ಸಾಲನ್ನು ಅತ್ತೆಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ಅದು ದೊಡ್ಡ ವಿಷಯ ನಮ್ಮನೆಯಲ್ಲಿ.

ಕಡಲಕೊರೆತ
ನಮ್ಮ ದಕ್ಷಿಣ ಕನ್ನಡದ ಕಡೆ ಇದಕ್ಕೆ ಬೇರೆಯೇ ದಾರಿ ಇದೆ, ಕೇಳಿ. ಚಿಕ್ಕದರಲ್ಲೇ ಹೋದ ಮಕ್ಕಳು ಕುಲೆಗಳಾಗಿ, ಅಂದರೆ ಸತ್ತವರ ಆತ್ಮವಾಗಿ, ಮನೆಯವರ ಜೊತೆಗೇ ಇರುತ್ತಾರೆ, ಬೆಳೆಯುತ್ತಾರೆ ಅಂತ ನಂಬಿಕೆ. ಮದುವೆಯ ವಯಸ್ಸು ಬಂತು ಅಂತಾದಾಗ ಮದುವೆಯನ್ನೂ ಮಾಡುತ್ತಾರೆ! ಕುಲೆ ಮದಿಮೆ ಅಂತಾರೆ ತುಳುವಿನಲ್ಲಿ. ಅದೇ ಥರ ಮಗು ಕಳೆದುಕೊಂಡ ಇನ್ನೊಂದು ಮನೆ ಹುಡುಕಬೇಕು, ಬರಿ (ಗೋತ್ರದ ಥರ) ನೋಡಬೇಕು, ನಿಶ್ಚಿತಾರ್ಥ, ಸೀರೆ, ಧಾರೆ, ಊಟ ಎಲ್ಲ ಉಂಟು. ಮದುಮಕ್ಕಳ ಜಾಗದಲ್ಲಿ ಬಟ್ಟೆಬರೆ ಇಡುತ್ತಾರೆ. 2022ರಲ್ಲಿ ಇಂಥ ಒಂದು ಮದುವೆಯ ವಿವರ ಟ್ವಿಟರ್‌ನಲ್ಲಿ ಓಡಾಡಿತ್ತು. 2024ರಲ್ಲಿ ಪುತ್ತೂರು ಕಡೆಯ ಒಂದು ಮನೆಯವರು ಮೂವತ್ತು ವರ್ಷದ ಹಿಂದೆ ಹೋದ ಮಗಳಿಗೆ ವರ ಬೇಕು ಅಂತ ಪೇಪರ್‌ನಲ್ಲಿ ಜಾಹೀರಾತು ಕೊಟ್ಟಿದ್ದರು.

ಡಬ್ಬಲ್‌ರೋಡ್
ಏನ್ರೀ ಇದು, ಸತ್ತವರಿಗೆ ಹೆಣ್ಣು ನೋಡುವುದಾ 😳

ಕಡಲಕೊರೆತ
ನಗುವವರು ನಗಲಿ. ನಮ್ಮ ದೊಡ್ಡಮ್ಮನ ಮನೆಯಲ್ಲಿ ನಾನೇ ನೋಡಿದ್ದೇನೆ. ಹಾಲು ಕುಡಿಯುವ ಕೂಸು ಹೋಗಿದ್ದು. ದೊಡ್ಡಮ್ಮನಿಗೆ ಕೂದಲು ಬೆಳ್ಳಗಾದ ಮೇಲೆ ಮದುವೆ ಆಯಿತು. ಆ ರಾತ್ರಿ ಅವರು ಸೀರೆ ಆರಿಸಿದ್ದು, ಬೀಗರಿಗೆ ಬಡಿಸಿದ್ದು, "ಉಪ್ಪಿನಕಾಯಿ ಹಾಕಿ" ಅಂತ ಓಡಾಡಿದ್ದು ನೋಡಬೇಕಿತ್ತು. ಅಷ್ಟು ವರ್ಷ ಮನೆಯಲ್ಲಿ ಆ ಮಗುವಿಗೆ ಒಂದು ಲೆಕ್ಕ ಇತ್ತು. ಈಗ ಹತ್ತು ವರ್ಷ, ಈಗ ಇಪ್ಪತ್ತು ಅಂತ. ನಿಮ್ಮ ಘಟ್ಟದ ಮೇಲಿನ ಶಾಸ್ತ್ರದಲ್ಲಿ ಒಂದೇ ದಿನಕ್ಕೆ ಮುಗಿಸುತ್ತೀರಲ್ಲ, ಅದು ನನಗೆ ವಿಚಿತ್ರ ಕಾಣುತ್ತದೆ.

ಕೆಂಪುಮೆಣಸು
ನಾನು ಇಂಥದ್ದನ್ನೆಲ್ಲ ಒಪ್ಪುವವನಲ್ಲ. ಆದರೂ ಇದಕ್ಕೆ ಬೈಯುವುದಕ್ಕೆ ಬಾಯಿ ಬರುತ್ತಿಲ್ಲ.

ಮಲ್ಲಿಗೆದಂಡೆ
ಅಸ್ಸಲಾಮು ಅಲೈಕುಂ, ನಾನು ಭಟ್ಕಳದವಳು. ನಮ್ಮಲ್ಲಿ ಶೋಕ ಮೂರು ದಿನ, ಗಂಡ ತೀರಿದರೆ ಮಾತ್ರ ಹೆಂಡತಿಗೆ ನಾಲ್ಕು ತಿಂಗಳು ಹತ್ತು ದಿನ. ಚಿಕ್ಕ ಮಕ್ಕಳು ನೇರ ಸ್ವರ್ಗಕ್ಕೆ ಹೋಗುತ್ತಾರೆ, ಅಲ್ಲಿ ತಾಯಿ ತಂದೆಗಾಗಿ ಕಾಯುತ್ತಾರೆ ಅಂತ ನಂಬಿಕೆ. ನನ್ನ ಮಗು ಹೋದಾಗ ಎಲ್ಲರೂ ಇದನ್ನೇ ಹೇಳಿದರು. ಕೆಲವು ದಿನ ಅದು ಕೈ ಹಿಡಿಯಿತು, ಕೆಲವು ದಿನ ಸಿಟ್ಟು ತರಿಸಿತು.

ಗ್ರಹಚಾರ, ದೋಷ ಅಂತ ಮಾತು ಬಂತಲ್ಲ, ಅದಕ್ಕೆ ಒಂದು ವಿಷಯ. ಪ್ರವಾದಿಯವರ ಮಗ ಇಬ್ರಾಹೀಂ ಹಾಲುಗೂಸು ಇದ್ದಾಗಲೇ ತೀರಿಕೊಂಡ. ಪ್ರವಾದಿಯವರು ಕಣ್ಣೀರು ಹಾಕಿದರು. ನೀವೂ ಅಳುತ್ತೀರಾ ಅಂತ ಪಕ್ಕದವರು ಕೇಳಿದರೆ ಇದು ಕರುಣೆ ಅಂದರು. ಅದೇ ದಿನ ಸೂರ್ಯಗ್ರಹಣ ಆಯಿತು. ಮಗು ಸತ್ತಿದ್ದಕ್ಕೇ ಸೂರ್ಯ ಮಂಕಾದ ಅಂತ ಜನ ಮಾತಾಡಿಕೊಂಡರು. ಯಾರ ಸಾವಿಗೂ ಯಾರ ಹುಟ್ಟಿಗೂ ಗ್ರಹಣ ಹಿಡಿಯುವುದಿಲ್ಲ ಅಂತ ಪ್ರವಾದಿಯವರೇ ಹೇಳಿಬಿಟ್ಟರು. ಸ್ವಂತ ಮಗುವಿನ ದುಃಖದಲ್ಲೂ ಇದನ್ನು ಅದಕ್ಕೆ ಗಂಟು ಹಾಕಲಿಲ್ಲ ನೋಡಿ.

ಬಂದರುರಸ್ತೆ
ಮಂಗಳೂರು, ಕಥೋಲಿಕರು. ನಮ್ಮಲ್ಲಿ ಹಿಂದೆ ಜ್ಞಾನಸ್ನಾನ ಆಗದೆ ಸತ್ತ ಕೂಸು ಸ್ವರ್ಗಕ್ಕೆ ಹೋಗುವುದಿಲ್ಲ, ನಡುವೆ ಎಲ್ಲೋ ಇರುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ನನ್ನ ಅಜ್ಜಿಗೆ ಹಾಗೆ ಒಂದು ಮಗು ಹೋಗಿತ್ತು, ಸಾಯುವ ತನಕ ಅದೇ ಚಿಂತೆ. 2007ರಲ್ಲಿ ವ್ಯಾಟಿಕನ್‌ನ ದೇವಶಾಸ್ತ್ರ ಆಯೋಗ ಅಂಥ ಮಕ್ಕಳಿಗೂ ರಕ್ಷಣೆ ಸಿಗುತ್ತದೆ ಅಂತ ಭರವಸೆ ಇಡಲು ಬಲವಾದ ಕಾರಣ ಇದೆ ಅಂತ ಹೇಳಿತು. ಅಷ್ಟರಲ್ಲಿ ಅಜ್ಜಿ ಹೋಗಿಯಾಗಿತ್ತು. ನವೆಂಬರ್ 2ಕ್ಕೆ ನಾವು ಎಲ್ಲ ಸಮಾಧಿಗಳಿಗೂ ಹೂವು, ಮೇಣದ ಬತ್ತಿ ಇಡುತ್ತೇವೆ. ಚಿಕ್ಕವು, ದೊಡ್ಡವು ಅಂತ ಇಲ್ಲ, ಹೆಂಗಸರೂ ಹೋಗುತ್ತೇವೆ. ಹೊಂಗೆಮರ ಅವರೇ, ತೋಟಕ್ಕೆ ನಿಮ್ಮನ್ನು ಬಿಡಲಿಲ್ಲ ಅಂದಿದ್ದೇ ನನಗೆ ಹಬ್ಬಕ್ಕಿಂತ ದೊಡ್ಡ ವಿಷಯ ಅನಿಸಿತು.

ರಾಗಿರೊಟ್ಟಿ
ನನಗೂ. ಈಗಲಾದರೂ ಹೋಗಿ ಅಕ್ಕ. ಯಾರನ್ನೂ ಕೇಳಬೇಡಿ.

ಪಂಚಾಂಗಪ್ರಿಯ
ಹೆಂಗಸರು ಸ್ಮಶಾನಕ್ಕೆ ಹೋಗಬಾರದು ಅನ್ನುವ ರೂಢಿ ಇದೆ. ತೋಟ ಸ್ಮಶಾನ ಅಲ್ಲ. ಹೋಗಿ ಬನ್ನಿ ತಾಯಿ.

ಕೆಂಪುಮೆಣಸು
ಆಹಾ, ಇವತ್ತು ನೀವು ನಾನು ಒಂದೇ ಕಡೆ.

ಥೇಮ್ಸ್‌ದಂಡೆ
ಸ್ವಲ್ಪ ಬೇರೆ ವಿಷಯ. ನಾನಿರುವುದು ಇಂಗ್ಲೆಂಡಿನಲ್ಲಿ. 2020ರ ಏಪ್ರಿಲ್‌ನಿಂದ ಇಲ್ಲಿ ಹದಿನೆಂಟರೊಳಗಿನ ಮಗು ತೀರಿಕೊಂಡರೆ ಕೆಲಸದಲ್ಲಿರುವ ಅಪ್ಪನಿಗೂ ಅಮ್ಮನಿಗೂ ಎರಡು ವಾರ ರಜೆ ಕೊಡಬೇಕು ಅಂತ ಕಾನೂನು ಬಂದಿದೆ. ನಮ್ಮಲ್ಲಿ ಏನಿದೆ?

ಲೆಕ್ಕದಪುಸ್ತಕ
ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ, ಹುಟ್ಟಿದ ಕೂಡಲೇ ಮಗು ಹೋದರೆ ಅಥವಾ ಸತ್ತೇ ಹುಟ್ಟಿದರೆ, 60 ದಿನ ವಿಶೇಷ ಹೆರಿಗೆ ರಜೆ ಅಂತ 2022ರಲ್ಲಿ ಆದೇಶ ಆಗಿದೆ. ಅದು ತಾಯಿಗೆ ಮಾತ್ರ, ಎಳೆಗೂಸಿಗೆ ಮಾತ್ರ. ನಾಲ್ಕು ವರ್ಷದ ಮಗು ಹೋದ ಅಪ್ಪನಿಗೆ ಆ ಆದೇಶದಲ್ಲಿ ಏನೂ ಇಲ್ಲ. ಖಾಸಗಿಯಲ್ಲಿ ಕಂಪನಿ ದಯೆ.

ಹೊಂಗೆಮರ
ಇವರ ಆಫೀಸಿನಲ್ಲಿ ಮೂರು ದಿನ ಕೊಟ್ಟರು, ಆಮೇಲೆ ಇದ್ದ ರಜೆ ಹಾಕಿಕೊಳ್ಳಿ ಅಂದರು. ನಾಲ್ಕನೇ ದಿನವೇ ಮೀಟಿಂಗ್‌ಗೆ ಕೂತರು. ಬೇಜಾರಿಲ್ಲದವರ ಹಾಗೆ ಕಾಣುತ್ತಿದ್ದರು. ಹಳೇಸ್ಕೂಟರ್ ಸರ್ ಬರೆದಿದ್ದು ಓದಿದ ಮೇಲೆ ಬೇರೆ ಥರ ಅನಿಸುತ್ತಿದೆ.

ಮಗನ ವಿಷಯ ಕೇಳಬೇಕಿತ್ತು. ತಂಗಿಯನ್ನು ದೇವರು ಕರೆದುಕೊಂಡ ಅಂತ ಅವನಿಗೆ ಹೇಳಿದ್ದೆವು. ಗಣಪ ಯಾಕೆ ಬೇಕು ಅಂತ ನಿನ್ನೆ ಕೇಳಿದರೆ, ವಾಪಸ್ ಹೋಗುವಾಗ ಅವನ ಹತ್ತಿರ ತಂಗಿಯ ಕ್ರೇಯಾನ್ ಡಬ್ಬಿ ಕೊಟ್ಟು ಕಳಿಸಬೇಕಂತೆ. ಅದನ್ನು ಅವನೇ ಬಚ್ಚಿಟ್ಟಿದ್ದನಂತೆ ಜಗಳದಲ್ಲಿ. ಏನು ಹೇಳಲಿ ಇದಕ್ಕೆ?

ಡಬ್ಬಲ್‌ರೋಡ್
ಅಯ್ಯೋ.

ಬಿಳಿಗಿರಿ
ಕೊಟ್ಟು ಕಳಿಸಲಿ ಬಿಡಿ. ಗಣಪ ತನ್ನ ಅಮ್ಮನನ್ನು ಕರೆದುಕೊಂಡು ಹೋಗೋಕೆ ಬರುವವನು ತಾನೇ. ಒಂದು ಡಬ್ಬಿ ಭಾರ ಆಗಲ್ಲ.

ಕೆಂಪುಮೆಣಸು
ನನಗೆ ಇದು ಸರಿ ಕಾಣಲ್ಲ. ಸುಳ್ಳಿನ ಮೇಲೆ ಸುಳ್ಳು ಕಟ್ಟುತ್ತಾ ಹೋದರೆ ನಾಳೆ ತಂಗಿ ಯಾವಾಗ ವಾಪಸ್ ಬರ್ತಾಳೆ ಅಂತ ಕೇಳುತ್ತಾನೆ. ಆಗ?

ಮಣ್ಣಿನಗಡಿಗೆ
ನಾನು ಶಾಲೆಯಲ್ಲಿ ಆಪ್ತಸಮಾಲೋಚಕಿ. ಇಬ್ಬರದೂ ಅರ್ಧರ್ಧ ಸರಿ. ಆರೇಳು ವರ್ಷದ ಮಕ್ಕಳಿಗೆ ಸಾವು ಅಂದರೆ ವಾಪಸ್ ಬರದಿರುವುದು ಅನ್ನುವುದು ಈಗಷ್ಟೇ ಅರ್ಥ ಆಗುತ್ತಿರುತ್ತದೆ. "ದೇವರು ಕರೆದುಕೊಂಡ" ಅಂದರೆ ನನ್ನನ್ನೂ ಕರೆದುಕೊಳ್ಳುತ್ತಾನಾ ಅಂತ ಹೆದರಿಕೆ. "ಮಲಗಿದ್ದಾಳೆ" ಅಂದರೆ ಮಲಗುವುದಕ್ಕೇ ಭಯ. "ಊರಿಗೆ ಹೋಗಿದ್ದಾಳೆ" ಅಂತೂ ಬೇಡವೇ ಬೇಡ. ನೇರವಾಗಿ ಹೇಳಿ. ಡೆಂಗಿ ಬಂತು, ಮೈಗೆ ತಡೆಯುವುದಕ್ಕೆ ಆಗಲಿಲ್ಲ, ಉಸಿರು ನಿಂತಿತು, ಸತ್ತುಹೋದಳು, ವಾಪಸ್ ಬರುವುದಿಲ್ಲ. ಸಾಮಾನ್ಯ ಜ್ವರ ಬಂದವರೆಲ್ಲ ಸಾಯುವುದಿಲ್ಲ ಅನ್ನುವುದನ್ನೂ ಸೇರಿಸಿ. ಇಲ್ಲದಿದ್ದರೆ ಮೈ ಬೆಚ್ಚಗಾದರೂ ನಡುಗುತ್ತಾನೆ.

ಅದೆಲ್ಲ ಹೇಳಿದ ಮೇಲೂ ಅವನು ಕ್ರೇಯಾನ್ ಕೊಡಬೇಕು ಅಂದರೆ ಕೊಡಲಿ. ಅದು ಸುಳ್ಳಲ್ಲ, ಅವನ ಬಾಕಿ. ಆದರೆ ಒಂದು ಮಾತು ಸ್ಪಷ್ಟವಾಗಿ, ಒಂದಕ್ಕಿಂತ ಜಾಸ್ತಿ ಸಲ ಹೇಳಿ: ನೀನು ಜಗಳ ಮಾಡಿದ್ದಕ್ಕೆ, ಡಬ್ಬಿ ಬಚ್ಚಿಟ್ಟಿದ್ದಕ್ಕೆ ಅವಳು ಸತ್ತಿದ್ದಲ್ಲ. ದೊಡ್ಡವರು ಹರಕೆ ಅಂತ ಮಾತಾಡುವುದನ್ನು ಕೇಳಿಸಿಕೊಂಡ ಮಗು ತನ್ನ ತಪ್ಪನ್ನೂ ಅದೇ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತದೆ.

ದೊಡ್ಡವರಿಗೂ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿ ಹೊತ್ತೂ ಇರುತ್ತಾರೆ.

ಕೆಂಪುಮೆಣಸು
ಹೀಗಾದರೆ ಒಪ್ಪಿದೆ.

ಅರಳಿಕಟ್ಟೆ
ನಾನು ಹೇಳಿದ್ದು ಯಾರಿಗೂ ಹಿಡಿಸಲಿಲ್ಲ ಅಂತ ಗೊತ್ತಾಯಿತು. ಆದರೂ ಒಂದು ಹೇಳುತ್ತೇನೆ. ಇನ್ನೊಂದು ಮಗು ಮಾಡಿಕೊಳ್ಳಿ. ಅವಳೇ ಹುಟ್ಟಿ ಬರುತ್ತಾಳೆ.

ಎರಡನೆಯವ
ಅರಳಿಕಟ್ಟೆ ಸರ್, ನಾನು ಹಾಗೆ "ಹುಟ್ಟಿ ಬಂದವನು". ಅಣ್ಣ ಹೋದ ಮೇಲೆ ಹುಟ್ಟಿದ್ದು. ಅವನ ಹೆಸರನ್ನೇ ನನಗೆ ಇಟ್ಟರು. ಅವನಿಗೆ ಅವರೆಕಾಳು ಇಷ್ಟ ಇತ್ತಂತೆ, ನನಗೆ ಆಗಲ್ಲ. ಪ್ರತಿ ಸಲ ತಟ್ಟೆ ತಳ್ಳಿದಾಗಲೂ ಅಮ್ಮನ ಮುಖ ನೋಡಬೇಕಿತ್ತು. ಪಾಪ, ಅವರ ತಪ್ಪಲ್ಲ. ಆದರೆ ಯಾರಿಗೂ ಈ ಸಲಹೆ ಕೊಡಬೇಡಿ. ಬೇಕಾದರೆ ಮಗು ಮಾಡಿಕೊಳ್ಳಲಿ, ಅದು ಹೊಸ ಮಗು ಅಂತ ಮಾಡಿಕೊಳ್ಳಲಿ.

ಡಬ್ಬಲ್‌ರೋಡ್
ನಮ್ಮ ಕಡೆ ಮಕ್ಕಳು ಉಳಿಯದಿದ್ದರೆ ಮುಂದೆ ಹುಟ್ಟಿದ್ದನ್ನು ತಿಪ್ಪೆಯಲ್ಲಿ ಹೊರಳಿಸಿ ತಿಪ್ಪಣ್ಣ, ತಿಪ್ಪಕ್ಕ ಅಂತ ಹೆಸರಿಡುತ್ತಿದ್ದರು. ಕಸ ಅಂದುಕೊಂಡು ಯಮ ಮುಟ್ಟಲ್ಲ ಅಂತ. ತಿಪ್ಪೇಸ್ವಾಮಿ ಅಂತ ಇರುವವರೆಲ್ಲ ಹಾಗೇ.

ಕೋಟೆಕಲ್ಲು
ಎಲ್ಲರೂ ಅಲ್ಲ ಸ್ವಾಮಿ! ನಮ್ಮ ಚಿತ್ರದುರ್ಗದ ಕಡೆ ತಿಪ್ಪೇಸ್ವಾಮಿ ಅಂದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಹೆಸರು. ಊರಿಗೆ ಹತ್ತು ಜನ ಇದ್ದೀವಿ. ನಾನೂ ಒಬ್ಬ. ನನ್ನನ್ನು ಯಾರೂ ತಿಪ್ಪೆಗೆ ಹಾಕಿರಲಿಲ್ಲ.

ಡಬ್ಬಲ್‌ರೋಡ್
ಸರಿ ಸರಿ, ವಾಪಸ್ ತೆಗೆದುಕೊಂಡೆ 🙏

ನಿರ್ವಾಹಕ
ವಿಷಯಕ್ಕೆ ಬನ್ನಿ. ಹೆಸರಿನ ಚರ್ಚೆಗೆ ಬೇರೆ ಎಳೆ ತೆರೆಯಿರಿ.

ತೋಟದಮನೆ
ಹೊಂಗೆಮರ, ನಾನು ಮಾಗಡಿ ಕಡೆಯವಳು, ನಿಮ್ಮದೇ ಪದ್ಧತಿ ಇರಬಹುದು. ಗಣೇಶ ಆದ ಮೇಲೆ ಪಿತೃಪಕ್ಷ ಬರುತ್ತದಲ್ಲ, ಹಿರಿಯರ ಹಬ್ಬ. ಎಲ್ಲ ಹಿರಿಯರಿಗೂ ಎಡೆ ಇಡುತ್ತೇವೆ. ನನ್ನ ಮಗ ಹೋದ ವರ್ಷ ನಾನು ಕೇಳಿದೆ, ಅವನಿಗೆ ಎಲ್ಲಿ ಎಡೆ ಅಂತ. "ಕೂಸು ಹಿರಿಯರ ಲೆಕ್ಕಕ್ಕೆ ಬರಲ್ಲ ಕಣವ್ವ" ಅಂದರು ನಮ್ಮತ್ತೆ. ನಾನು ಜಗಳ ಮಾಡಲಿಲ್ಲ. ದೊಡ್ಡ ಎಲೆಗಳ ಪಕ್ಕ ಒಂದು ತುಂಡು ಬಾಳೆ ಎಲೆ ಹಾಕಿ ಚಕ್ಕುಲಿ, ಬಿಸ್ಕತ್ತು, ಅವನು ಕುಡಿಯುತ್ತಿದ್ದ ಮಾವಿನ ಜ್ಯೂಸ್ ಪ್ಯಾಕೆಟ್ ಇಟ್ಟೆ. ಸ್ಟ್ರಾ ಚುಚ್ಚಿ ಇಟ್ಟೆ, ಅವನಿಗೆ ಚುಚ್ಚೋಕೆ ಬರುತ್ತಿರಲಿಲ್ಲ. ಅತ್ತೆ ನೋಡಿದರು. ಒಳಗೆ ಹೋಗಿ ಒಂದು ಲಾಡು ತಂದು ಅವರೇ ಇಟ್ಟರು. ಅವರಿಗೂ ಮೊಮ್ಮಗ ತಾನೇ. ಆವತ್ತಿನ ತನಕ ಅವರು ಅತ್ತಿದ್ದನ್ನು ನಾನು ನೋಡಿರಲಿಲ್ಲ.

ನಿಮ್ಮ ಅತ್ತೆ ಹಬ್ಬ ಮಾಡು ಅನ್ನುವುದು ಮರೆತುಬಿಡು ಅಂತ ಅಲ್ಲದೇ ಇರಬಹುದು. ಹೆದರಿಕೆ ಇರಬೇಕು ಅವರಿಗೆ. ಇರುವ ಮೊಮ್ಮಗನ ಮೇಲೆ ಜೀವ ಇಟ್ಟುಕೊಂಡಿದ್ದಾರೆ.

ಕೃಷ್ಣಾತೀರ
ಇದು ಖರೇ ಮಾತು ನೋಡ್ರಿ ಅಕ್ಕಾರ.

ಪೈಪ್‌ಲೈನ್
ತಡವಾಗಿ ಬಂದೆ. ನಮ್ಮ ಬಡಾವಣೆಯಲ್ಲಿ ಈ ವರ್ಷವೂ ಡೆಂಗಿ ಶುರುವಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ನೀರು ನಿಲ್ಲಿಸಿಕೊಂಡರೆ ದಂಡ ಅಂದಿತು. ನಮ್ಮ ಎದುರಿನ ಅರ್ಧ ಕಟ್ಟಿದ ಬಿಲ್ಡಿಂಗ್‌ನ ಸಂಪ್ ಹಾಗೇ ಇದೆ. ಪರಂಗಿ ಎಲೆ ರಸ ಕುಡಿಸಿದರೆ ಆಗುತ್ತದಾ ನೈಟ್‌ಡ್ಯೂಟಿ ಮೇಡಂ?

ನೈಟ್‌ಡ್ಯೂಟಿ
ರಸ ನಂಬಿಕೊಂಡು ಮನೆಯಲ್ಲಿ ಕೂರಬೇಡಿ, ಅಷ್ಟೇ ಹೇಳುತ್ತೇನೆ. ಡಾಕ್ಟರ್ ಹೇಳದೆ ಬ್ರೂಫೆನ್ ಥರದ ನೋವಿನ ಮಾತ್ರೆಯನ್ನೂ ಕೊಡಬೇಡಿ. ಈ ಸೊಳ್ಳೆ ಕಚ್ಚುವುದು ಹಗಲು ಹೊತ್ತು, ಮಕ್ಕಳಿಗೆ ತುಂಬು ತೋಳಿನ ಬಟ್ಟೆ ಹಾಕಿ. ಫ್ರಿಜ್ ಹಿಂದಿನ ತಟ್ಟೆ, ಹೂಕುಂಡದ ಕೆಳಗಿನ ತಟ್ಟೆ ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ.

ಹೊಂಗೆಮರ
ಎಲ್ಲರದೂ ಓದಿದೆ. ಕೆಲವನ್ನು ಯಜಮಾನರೂ ಓದಿದರು, ನಾನು ಫೋನ್ ಅಲ್ಲೇ ಬಿಟ್ಟಿದ್ದೆ. ಹಬ್ಬಕ್ಕೆ ಮೊದಲು ಊರಿಗೆ ಹೋಗುತ್ತೇವೆ, ತೋಟಕ್ಕೆ ನಾನೂ ಹೋಗುತ್ತೇನೆ. ಗಣಪನನ್ನು ತರುವುದಕ್ಕೆ ಮಗನ ಜೊತೆ ಅವರೇ ಹೋಗುತ್ತಾರಂತೆ. ಪೂಜೆಗೆ ಕೂರಲ್ಲ. ಬಾಗಿಲಿಗೆ ತೋರಣ ಬೇಡ, ಯಾರನ್ನೂ ಕರೆಯುವುದು ಬೇಡ ಅಂದುಕೊಂಡಿದ್ದೇವೆ. ಅತ್ತೆಗೆ ಇದು ಅರ್ಧಂಬರ್ಧ ಹಬ್ಬ ಅಂತ ಅಸಮಾಧಾನ ಇದೆ. ಫೋಟೋ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಸದ್ಯಕ್ಕೆ ನನ್ನ ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದೇನೆ.

ಕ್ರೇಯಾನ್ ನೀರಿಗೆ ಬಿಡಬಹುದಾ? ಮೇಣ ಅಲ್ವಾ ಅದು.

ಕೋಟೆಕಲ್ಲು
ಕೆರೆಗೆ ಬೇಡ. ಮಣ್ಣಿನ ಗಣಪ ತಂದು ಮನೆಯಲ್ಲೇ ಬಕೆಟ್‌ನಲ್ಲಿ ಬಿಡಿ. ಪಿಒಪಿ ಗಣಪ ಹೇಗೂ ನಮ್ಮ ರಾಜ್ಯದಲ್ಲಿ ನಿಷೇಧ. ಡಬ್ಬಿಯನ್ನು ಪಕ್ಕದಲ್ಲಿ ಇಟ್ಟು, ಆಮೇಲೆ ಆ ಮಣ್ಣಿನ ಜೊತೆ ಗಿಡದ ಬುಡಕ್ಕೆ ಹಾಕಿದರಾಯಿತು.

ಮಣ್ಣಿನಗಡಿಗೆ
ಎಲ್ಲಿ ಹಾಕಬೇಕು ಅಂತ ಅವನನ್ನೇ ಕೇಳಿ.

ತೋಟದಮನೆ
ಪಿತೃಪಕ್ಷದ್ದೂ ಯೋಚಿಸಿ ಅಂತ ನೆನಪಿಸುತ್ತೇನೆ. ಪಂಚಾಂಗಪ್ರಿಯ ಅವರೇ, ನಾನು ಮಗುವಿಗೆ ಎಡೆ ಇಟ್ಟಿದ್ದು ತಪ್ಪಾ?

ಪಂಚಾಂಗಪ್ರಿಯ
ಇಡಬೇಕು ಅಂತ ಎಲ್ಲೂ ಓದಿಲ್ಲ. ಇಡಬಾರದು ಅಂತಲೂ ಓದಿಲ್ಲ. ಇಡಿ ತಾಯಿ.

ಕೆಂಪುಮೆಣಸು
ಇಷ್ಟನ್ನು ಮೊದಲೇ ಹೇಳಿದ್ದರೆ ಸರ್ಪದೋಷದ ತನಕ ಹೋಗುವುದೇ ಬೇಕಿರಲಿಲ್ಲ.

ಪಂಚಾಂಗಪ್ರಿಯ
ಮೊದಲು ಯಾರೂ ಎಡೆ ಕೇಳಿರಲಿಲ್ಲವಲ್ಲ ಮಾರಾಯರೇ.